ಪೈಥಾನ್ ಕೈಲಿ ಎಕ್ಸೆಲ್ ಓಡಿಸೋದು: ತೆಗೆಯೋದ್ರಿಂದ ಮುಚ್ಚೋ ತನಕ, ಎಡವೋ ಜಾಗ ಸಮೇತ

ಪ್ರತಿ ತಿಂಗಳು ಕೊನೇ ವಾರ ನನ್ನ ವಾಟ್ಸಾಪ್‌ಗೆ ಒಂದೇ ಥರದ ಸ್ಕ್ರೀನ್‌ಶಾಟ್ ಬರತ್ತೆ. ಟಾಸ್ಕ್ ಮ್ಯಾನೇಜರ್ ತೆಗೆದಿರ್ತಾರೆ, ಅದ್ರಲ್ಲಿ ಎಕ್ಸೆಲ್ ಅಂತ ಒಂಬತ್ತೋ ಹತ್ತೋ ಸಾಲು, ಆದ್ರೆ ಸ್ಕ್ರೀನ್ ಮೇಲೆ ಒಂದೂ ಎಕ್ಸೆಲ್ ಇಲ್ಲ. ಕೆಳಗೆ "ಗುರು ಏನಿದು" ಅಂತ ಮೆಸೇಜು. ಪೈಥಾನ್ ಬರೋ ಹುಡುಗರೇ, ಲೂಪ್ ಗೀಪ್ ಎಲ್ಲ ನೀಟಾಗಿರತ್ತೆ. ಎಡವ್ತಿರೋದು ಬೇರೆ ಕಡೆ: ಯಾವ ಎಕ್ಸೆಲ್ ಜೊತೆ ಮಾತಾಡ್ತಿದೀನಿ, ಅದನ್ನ ಯಾರು ತೆಗೆದಿದ್ದು, ಯಾರು ಮುಚ್ಬೇಕು ಅನ್ನೋದನ್ನ ಮೊದ್ಲೇ ತೀರ್ಮಾನ ಮಾಡ್ಕೊಂಡಿರಲ್ಲ.

ಉದಾಹರಣೆಗೆ ನಮ್ಮ ವಿಜಯನಗರದ ಅಪಾರ್ಟ್‌ಮೆಂಟ್ ಕೆಲಸಾನೇ ಇಟ್ಕೊಳ್ತೀನಿ. 64 ಫ್ಲ್ಯಾಟು, ಒಂದು ಮಾಸ್ಟರ್ ಶೀಟು, ನೀರಿನ ಮೀಟರ್ ರೀಡಿಂಗು, ಹಳೇ ಬಾಕಿ. ಪ್ರತಿ ಫ್ಲ್ಯಾಟ್‌ಗೂ ಬಿಲ್ ಟೆಂಪ್ಲೇಟ್ ತುಂಬಿ ಪಿಡಿಎಫ್ ಮಾಡಿ ಮೇಲ್ ರೆಡಿ ಮಾಡ್ಬೇಕು. ಇನ್ನೊಂದ್ ಮಾತು, ಕಮಾಂಡ್ ಹೆಸರೆಲ್ಲ ಇಲ್ಲಿ ಕನ್ನಡದಲ್ಲೇ ಬರ್ದಿದೀನಿ, ಎಡಿಟರ್‌ನಲ್ಲಿ ಅವನ್ನ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡ್ಕೊಳ್ಳಿ.

## 1. ಎಕ್ಸೆಲ್ ನಿಜವಾಗ್ಲೂ ಬೇಕಾ?

ಬರೀ ಡೇಟಾ ಓದಿ ಇನ್ನೊಂದು ಫೈಲ್‌ಗೆ ಬರೆಯೋದಾದ್ರೆ ಎಕ್ಸೆಲ್ ಆಟೊಮೇಷನ್ ಸಹವಾಸಾನೇ ಬೇಡ, ಓಪನ್‌ಪೈಎಕ್ಸೆಲ್ ಅನ್ನೋ ಪೈಥಾನ್ ಲೈಬ್ರರಿ ಸಾಕು. ಅದಕ್ಕೆ ಮಷಿನ್‌ನಲ್ಲಿ ಎಕ್ಸೆಲ್ ಇರಬೇಕು ಅಂತಾನೂ ಇಲ್ಲ. ಆದ್ರೆ ಅದು ಫಾರ್ಮುಲಾನ ಲೆಕ್ಕ ಹಾಕಲ್ಲ, ಪಿಡಿಎಫ್ ಮಾಡಲ್ಲ, ಮ್ಯಾಕ್ರೋ ಓಡಿಸಲ್ಲ. ಈ ಮೂರ್ರಲ್ಲಿ ಒಂದಾದ್ರೂ ಬೇಕಂದ್ರೆ ಮುಂದಕ್ಕೆ ಬನ್ನಿ. ನಮ್ಮ ಬಿಲ್‌ಗೆ ಮೊದಲೆರಡೂ ಬೇಕು.

## 2. ಸಾಮಾನು ಜೋಡಿಸ್ಕೊಳ್ಳಿ

ವಿಂಡೋಸ್ ಇರಬೇಕು. ಎಕ್ಸೆಲ್ ಮಷಿನ್‌ನಲ್ಲೇ ಇನ್‌ಸ್ಟಾಲ್ ಆಗಿರಬೇಕು, ಬ್ರೌಸರ್‌ನಲ್ಲಿ ತೆಗೆಯೋ ಎಕ್ಸೆಲ್ ನಡಿಯಲ್ಲ. ಪೈಥಾನ್‌ನ ಅದರ ಸ್ವಂತ ಸೈಟ್‌ನಿಂದ ಇಳಿಸ್ಕೊಂಡ್ರೆ ಒಳ್ಳೇದು, ಮೈಕ್ರೋಸಾಫ್ಟ್ ಸ್ಟೋರ್‌ನಿಂದ ಬಂದಿದ್ದು ಒಂದೊಂದ್ಸಲ ಕಿರಿಕಿರಿ ಕೊಡತ್ತೆ. ಆಮೇಲೆ ಪಿಪ್‌ನಲ್ಲಿ (ಪೈಥಾನ್‌ಗೆ ಲೈಬ್ರರಿ ಹಾಕೋ ಕಮಾಂಡು) ಪೈವಿನ್32 ಹಾಕ್ಕೊಳ್ಳಿ, ಪೈಥಾನ್‌ನಿಂದ ಎಕ್ಸೆಲ್ ಥರದ ವಿಂಡೋಸ್ ಪ್ರೋಗ್ರಾಂ ಓಡಿಸೋ ಲೈಬ್ರರಿ ಇದು, ವಿನ್32ಕಾಮ್ ಇದರದ್ದೇ ಭಾಗ.

ಇಲ್ಲೇ ಮೊದಲ ಎಡವಟ್ಟು. ಮಷಿನ್‌ನಲ್ಲಿ ಎರಡು ಪೈಥಾನ್ ಇರತ್ತೆ, ಪೈವಿನ್32 ಒಂದಕ್ಕೆ ಹಾಕಿ ಸ್ಕ್ರಿಪ್ಟ್‌ನ ಇನ್ನೊಂದರಲ್ಲಿ ಓಡಿಸ್ತಾರೆ, ಆಮೇಲೆ "ವಿನ್32ಕಾಮ್ ಸಿಗ್ತಿಲ್ಲ" ಅಂತ ಗೋಳು. ಪಿಪ್‌ನ ಒಂಟಿಯಾಗಿ ಕರೀಬೇಡಿ, ಯಾವ ಪೈಥಾನ್‌ನಲ್ಲಿ ಸ್ಕ್ರಿಪ್ಟ್ ಓಡತ್ತೋ ಅದೇ ಪೈಥಾನ್ ಹೆಸರು ಹೇಳಿ ಮೈನಸ್ ಎಂ ಹಾಕಿ ಅದರ ಮೂಲಕ ಪಿಪ್ ಕರೀರಿ.

32 ಬಿಟ್, 64 ಬಿಟ್ ಅಂತ ತಲೆ ಕೆಡಿಸ್ಕೊಂಡು ಆಫೀಸನ್ನೇ ಕಿತ್ತು ಮತ್ತೆ ಹಾಕಿದವರನ್ನ ನೋಡಿದೀನಿ. ಬೇಕಿರಲಿಲ್ಲ. ಎಕ್ಸೆಲ್ ಬೇರೆ ಪ್ರೋಸೆಸ್ ಆಗಿ ಓಡತ್ತೆ, ಹಾಗಾಗಿ 64 ಬಿಟ್ ಪೈಥಾನ್ 32 ಬಿಟ್ ಎಕ್ಸೆಲ್ ಜೊತೆ ಆರಾಮಾಗಿ ಮಾತಾಡತ್ತೆ. ಬಿಟ್ ಹೊಂದಬೇಕಾಗಿರೋದು ನಿಮ್ಮ ಪ್ರೋಸೆಸ್ ಒಳಗೇ ಲೋಡ್ ಆಗೋ ಡಿಎಲ್‌ಎಲ್‌ಗಳಿಗೆ, ಡೇಟಾಬೇಸ್ ಡ್ರೈವರ್‌ಗಳಿಗೆ.

ಔಟ್‌ಲುಕ್ ಬೇಕಿದ್ರೆ ಯಾವ ಔಟ್‌ಲುಕ್ ಅಂತ ನೋಡ್ಕೊಳ್ಳಿ. "ಹೊಸ ಔಟ್‌ಲುಕ್" ಅಂತ ಬಂದಿದ್ಯಲ್ಲ, ಅದಕ್ಕೆ ಈ ಆಟೊಮೇಷನ್ ಬಾಗಿಲೇ ಇಲ್ಲ. ಕ್ಲಾಸಿಕ್ ಇರಬೇಕು.

## 3. ಕನೆಕ್ಟ್ ಆಗೋದು: ಬಾಗಿಲು ಮೂರು, ಸರಿಯಾದದ್ದು ಒಂದು

ವಿನ್32ಕಾಮ್ ಡಾಟ್ ಕ್ಲೈಂಟ್ ಇಂಪೋರ್ಟ್ ಮಾಡಿದ್ಮೇಲೆ "ಎಕ್ಸೆಲ್ ಡಾಟ್ ಅಪ್ಲಿಕೇಷನ್" ಅನ್ನೋ ಹೆಸರು ಕೊಟ್ಟು ಎಕ್ಸೆಲ್ ಹಿಡಿಯೋಕೆ ಮೂರು ದಾರಿ.

ಡಿಸ್ಪ್ಯಾಚ್: ಈಗಾಗ್ಲೇ ಎಕ್ಸೆಲ್ ತೆಗೆದಿದ್ರೆ ಅದಕ್ಕೇ ಅಂಟ್ಕೊಳ್ಳತ್ತೆ, ಇಲ್ದಿದ್ರೆ ಹೊಸದು ತೆಗೆಯತ್ತೆ. ಗೆಟ್‌ಆಕ್ಟಿವ್‌ಆಬ್ಜೆಕ್ಟ್: ತೆಗೆದಿರೋದಕ್ಕೆ ಮಾತ್ರ ಅಂಟತ್ತೆ, ಇಲ್ದಿದ್ರೆ ಎರರ್. ಡಿಸ್ಪ್ಯಾಚ್‌ಎಕ್ಸ್: ಯಾವಾಗ್ಲೂ ಹೊಸದು, ನಿಮ್ಮ ಸ್ಕ್ರಿಪ್ಟ್‌ಗೆ ಅಂತಾನೇ ಪ್ರತ್ಯೇಕವಾದ ಎಕ್ಸೆಲ್.

ಆನ್‌ಲೈನ್‌ನಲ್ಲಿ ಸಿಗೋ ಉದಾಹರಣೆ ಹೆಚ್ಚುಕಮ್ಮಿ ಎಲ್ಲಾನೂ ಡಿಸ್ಪ್ಯಾಚ್. ಅದೇ ಸಮಸ್ಯೆ. ಜಯನಗರದಲ್ಲಿ ಒಂದು ಆಡಿಟ್ ಆಫೀಸ್‌ಗೆ ಮಾರ್ಚ್ ಕೊನೇಲಿ ಸಹಾಯ ಮಾಡೋಕೆ ಹೋಗಿದ್ದೆ. ಅಲ್ಲಿದ್ದ ಮೇಡಮ್ಮು ಕಾಫಿಗೆ ಎದ್ದು ಹೋದಾಗ ಅವರ ಮಷಿನ್‌ನಲ್ಲೇ ನನ್ನ ಸ್ಕ್ರಿಪ್ಟ್ ಓಡಿಸಿದೆ, ಮಿನಿಮೈಸ್ ಮಾಡಿದ್ದ ಅವರ ಶೀಟ್ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ನನ್ನ ಕೋಡು ಡಿಸ್ಪ್ಯಾಚ್ ಅಂತು, ಅವರ ಎಕ್ಸೆಲ್‌ಗೇ ಅಂಟ್ಕೊಳ್ತು, ವಾರ್ನಿಂಗ್ ಎಲ್ಲ ಆಫ್ ಮಾಡ್ತು, ಕೆಲಸ ಮುಗಿಸಿ ಕ್ವಿಟ್ ಅಂತು. ಎಕ್ಸೆಲ್ ಒಂದು ಮಾತೂ ಕೇಳದೆ ಮುಚ್ಕೊಂಡು ಹೋಯ್ತು, ಜೊತೆಗೆ ಬೆಳಗ್ಗಿಂದ ಸೇವ್ ಮಾಡದೇ ಇದ್ದ ಅವರ ಎಂಟ್ರಿ ಎಲ್ಲ ಹೋಯ್ತು. ಅವತ್ತು ರಾತ್ರಿ ಎಂಟೂವರೆ ತನಕ ಪಕ್ಕದಲ್ಲಿ ಕೂತು ವೋಚರ್ ಓದಿ ಹೇಳಿದ್ದು ನಾನೇ.

ಆದ್ರಿಂದ ಡಿಸ್ಪ್ಯಾಚ್‌ಎಕ್ಸ್. ಯೂಸರ್ ಎದುರಿಗೆ ತೆಗೆದಿಟ್ಟಿರೋ ಶೀಟ್ ಮೇಲೇ ಕೆಲಸ ಮಾಡ್ಬೇಕು ಅಂದಾಗ ಮಾತ್ರ ಗೆಟ್‌ಆಕ್ಟಿವ್‌ಆಬ್ಜೆಕ್ಟ್, ಆಗ ಕ್ವಿಟ್ ಕರೆಯೋ ಹಕ್ಕು ನಿಮಗಿಲ್ಲ. ತೆಗೆದವರೇ ಮುಚ್ಬೇಕು, ಬೇರೆಯವರು ತೆಗೆದಿದ್ದನ್ನ ಮುಟ್ಟಬಾರ್ದು.

ಔಟ್‌ಲುಕ್ ಕಥೆ ಬೇರೆ. ಅದು ಒಂದು ಸಲಕ್ಕೆ ಒಂದೇ ಓಡೋದು, ಡಿಸ್ಪ್ಯಾಚ್‌ಎಕ್ಸ್ ಹಾಕಿದ್ರೂ ಅದೇ ಸಿಗೋದು. ಅದಕ್ಕೆ ಕ್ವಿಟ್ ಬರೀಲೇಬೇಡಿ.

## 4. ಫೈಲ್ ಮುಟ್ಟೋ ಮುಂಚೆ ಸ್ವಿಚ್‌ಗಳು

ಆರ್ಡರ್ ಮುಖ್ಯ. ಎಕ್ಸೆಲ್ ಕೈಗೆ ಸಿಕ್ಕ ತಕ್ಷಣ, ಫೈಲ್ ಓಪನ್ ಮಾಡೋ ಮುಂಚೆ ಇವು ಆಗ್ಬೇಕು.

ವಿಸಿಬಲ್‌ನ ಟ್ರೂ ಮಾಡಿ. ಹೌದು, ಟ್ರೂ. ಕೋಡ್ ಸರಿ ಹೋಗೋ ತನಕ ಎಕ್ಸೆಲ್ ಕಣ್ಣಿಗೆ ಕಾಣ್ತಾ ಇರಲಿ. ಬಚ್ಚಿಟ್ಟ ಎಕ್ಸೆಲ್ "ಈ ಫೈಲ್ ಆಗ್ಲೇ ಇದೆ, ಬದಲಾಯಿಸ್ಲಾ?" ಅಂತ ಡೈಲಾಗ್ ಹಾಕ್ಕೊಂಡು ಕೂತಿರತ್ತೆ, ನೀವು ಸ್ಕ್ರಿಪ್ಟ್ ನಿಧಾನ ಅಂತ ಬೈಕೊಂಡು ಟೀ ಕುಡೀತಿರ್ತೀರ. ಸ್ಕ್ರಿಪ್ಟ್ ನಿಂತಿದೆ, ಸಿಪಿಯು ಮಾತ್ರ ಸೊನ್ನೆ ತೋರಿಸ್ತಿದೆ ಅಂದ್ರೆ ಎಲ್ಲೋ ಒಂದು ಡೈಲಾಗ್ ಉತ್ತರಕ್ಕೆ ಕಾಯ್ತಿದೆ ಅಂತ ಲೆಕ್ಕ.

ಡಿಸ್ಪ್ಲೇ‌ಅಲರ್ಟ್ಸ್ ಫಾಲ್ಸ್. ಇದು ಎಕ್ಸೆಲ್‌ನ ವಾರ್ನಿಂಗ್ ಡೈಲಾಗ್‌ಗಳ ಬಾಯಿ ಮುಚ್ಚಿಸತ್ತೆ, ನಿಮ್ಮದೇ ಎಕ್ಸೆಲ್ ಅಂತ ಖಾತ್ರಿ ಆದ್ಮೇಲೆ ಮಾತ್ರ.

ಆಟೊಮೇಷನ್‌ಸೆಕ್ಯೂರಿಟಿ 3. ಇದನ್ನ ಯಾರೂ ಹಾಕಲ್ಲ, ಆದ್ರೆ ಕೋಡ್ ಮೂಲಕ ಎಕ್ಸೆಲ್ ತೆಗೆದಾಗ ಇದರ ಡೀಫಾಲ್ಟು 1, ಅಂದ್ರೆ ಮ್ಯಾಕ್ರೋಗೆಲ್ಲ ಹಸಿರು ಸಿಗ್ನಲ್. ಕೈಯಲ್ಲಿ ಫೈಲ್ ತೆಗೆದಾಗ ಬರೋ ಹಳದಿ ಪಟ್ಟಿ ಇಲ್ಲಿ ಬರಲ್ಲ. ಯಾರೋ ಮೇಲ್‌ನಲ್ಲಿ ಕಳಿಸಿದ ಫೈಲ್‌ಗಳನ್ನ ಲೂಪ್‌ನಲ್ಲಿ ತೆಗೀತಿದೀರ ಅಂದ್ರೆ ಯೋಚನೆ ಮಾಡಿ. 3 ಹಾಕಿದ್ರೆ ಮ್ಯಾಕ್ರೋ ಎಲ್ಲ ಬಂದ್.

ಕ್ಯಾಲ್ಕುಲೇಷನ್‌ನ ಮ್ಯಾನ್ಯುಯಲ್ ಮಾಡೋದು, ಅಂದ್ರೆ ಮೈನಸ್ 4135, ಇಲ್ಲಿ ಬೇಡ. ಒಂದಾದ್ರೂ ವರ್ಕ್‌ಬುಕ್ ತೆಗೆಯದೆ ಅದನ್ನ ಮುಟ್ಟಿದ್ರೆ ಎರರ್ ಬರತ್ತೆ. ಫೈಲ್ ತೆಗೆದ್ಮೇಲೆ ಮಾಡಿ, ಹಂಗೆ ಮಾಡಿದ್ರೆ ಪಿಡಿಎಫ್ ತೆಗೆಯೋ ಮುಂಚೆ ಕ್ಯಾಲ್ಕುಲೇಟ್ ಕರೆಯೋದು ಮರೀಬೇಡಿ, ಇಲ್ಲಾಂದ್ರೆ 64 ಫ್ಲ್ಯಾಟ್‌ಗೂ ಹೋದ ತಿಂಗಳ ಮೊತ್ತಾನೇ ಹೋಗತ್ತೆ.

## 5. ಫೈಲ್ ತೆಗೆಯೋದು

ಪೂರ್ತಿ ಪಾತ್ ಕೊಡಿ. ನಿಮ್ಮ ಸ್ಕ್ರಿಪ್ಟ್ ಇರೋ ಫೋಲ್ಡರ್ ಎಕ್ಸೆಲ್‌ಗೆ ಗೊತ್ತಿಲ್ಲ, ಅದಕ್ಕೆ ಅದರದ್ದೇ ಫೋಲ್ಡರ್ ಇರತ್ತೆ, ಸಾಮಾನ್ಯವಾಗಿ ಡಾಕ್ಯುಮೆಂಟ್ಸ್. ಬರೀ ಫೈಲ್ ಹೆಸರು ಕೊಟ್ರೆ ಅಲ್ಲಿ ಹುಡುಕಿ "ಇಲ್ಲ" ಅನ್ನತ್ತೆ. ಇನ್ನೂ ಅಪಾಯ ಅಂದ್ರೆ ಅದೇ ಹೆಸರಿನ ಹಳೇ ಫೈಲ್ ಅಲ್ಲಿದ್ರೆ ಸದ್ದಿಲ್ದೆ ಅದನ್ನ ತೆಗೆದುಬಿಡತ್ತೆ. ಪಾತ್‌ಲಿಬ್‌ನ ರಿಸಾಲ್ವ್ ಹಾಕಿ, ಆಮೇಲೆ ಎಸ್‌ಟಿಆರ್ ಮಾಡಿ ಸ್ಟ್ರಿಂಗ್ ಆಗಿ ಕೊಡಿ, ಪಾತ್ ಆಬ್ಜೆಕ್ಟ್ ಹಂಗೇ ಕೊಟ್ರೆ ಎಕ್ಸೆಲ್ ತಗೊಳಲ್ಲ.

ಓಪನ್ ಕರೆಯುವಾಗ ಅಪ್ಡೇಟ್‌ಲಿಂಕ್ಸ್ 0 (ಬೇರೆ ಫೈಲ್‌ಗಳ ಲಿಂಕ್ ಅಪ್ಡೇಟ್ ಮಾಡ್ಬೇಡ ಅಂತ), ಮತ್ತೆ ಮಾಸ್ಟರ್ ಶೀಟ್ ಆದ್ರೆ ರೀಡ್‌ಓನ್ಲಿ ಟ್ರೂ. ಓಪನ್ ವಾಪಸ್ ಕೊಡೋ ವರ್ಕ್‌ಬುಕ್‌ನ ಒಂದು ವೇರಿಯಬಲ್‌ನಲ್ಲಿ ಹಿಡ್ಕೊಳ್ಳಿ. ಆಕ್ಟಿವ್‌ವರ್ಕ್‌ಬುಕ್, ಆಕ್ಟಿವ್‌ಶೀಟ್, ಸೆಲೆಕ್ಷನ್, ಇವು ಮೂರೂ ಮ್ಯಾಕ್ರೋ ರೆಕಾರ್ಡರ್ ಕಲಿಸಿದ ಕೆಟ್ಟ ಚಾಳಿ. ನಡುವೆ ನೀವು ಮೌಸ್ ಒತ್ತಿದ್ರೆ ಆಕ್ಟಿವ್ ಅನ್ನೋದೇ ಬದಲಾಗತ್ತೆ. ಶೀಟ್‌ನ ಹೆಸರಿಂದ ಕರೀರಿ, ನಂಬರ್‌ನಿಂದ ಕರೆದ್ರೆ ಎಣಿಕೆ 1ರಿಂದ ಶುರು, ಪೈಥಾನ್ ಥರ 0 ಅಲ್ಲ.

## 6. ಓದೋದು, ಬರೆಯೋದು: ಟೈಮ್ ಹೋಗೋದೇ ಇಲ್ಲಿ

ಒಂದೊಂದು ಸೆಲ್‌ನೂ ಲೂಪ್‌ನಲ್ಲಿ ಓದಿದ್ರೆ ಪ್ರತಿ ಸಲಾನೂ ಪೈಥಾನ್ ಪ್ರೋಸೆಸ್‌ನಿಂದ ಎಕ್ಸೆಲ್ ಪ್ರೋಸೆಸ್‌ಗೆ ಹೋಗಿ ಬರಬೇಕು. ವಿಜಯನಗರದಿಂದ ಕೆ.ಆರ್. ಮಾರ್ಕೆಟ್‌ಗೆ ಹೋಗಿ ಒಂದು ಟೊಮೆಟೊ ತಗೊಂಡು ವಾಪಸ್ ಬಂದು, ಮತ್ತೆ ಹೋಗಿ ಒಂದು ಈರುಳ್ಳಿ ತಂದಂಗೆ. ಚೀಲ ತಗೊಂಡು ಒಂದೇ ಸಲ ಹೋಗಿ. ಎ2ರಿಂದ ಎಫ್65ರ ತನಕ ರೇಂಜ್ ಹಿಡಿದು ವ್ಯಾಲ್ಯೂ ಅಂದ್ರೆ ಇಡೀ ಟೇಬಲ್ ಒಂದೇ ಏಟಿಗೆ ಟಪಲ್‌ಗಳ ಟಪಲ್ ಆಗಿ ಬರತ್ತೆ. ಬರೆಯುವಾಗ್ಲೂ ಅಷ್ಟೇ, ಲಿಸ್ಟ್‌ಗಳ ಲಿಸ್ಟ್ ಮಾಡಿ ಸಾಲು ಕಾಲಂ ಲೆಕ್ಕ ಸರಿಯಾಗಿ ಹೊಂದೋ ರೇಂಜ್‌ಗೆ ಒಂದೇ ಸಲ ಕೊಡಿ. ರೇಂಜ್ ದೊಡ್ಡದಾಗಿ ಲಿಸ್ಟ್ ಚಿಕ್ಕದಾದ್ರೆ ಉಳಿದ ಸೆಲ್‌ಗಳಲ್ಲಿ ಎನ್‌ಎ ಎರರ್ ಕಾಣಿಸ್ಕೊಳ್ಳತ್ತೆ, ಅದೇ ಗುರುತು.

ಕೊನೇ ಸಾಲು ಹುಡುಕೋಕೆ ಯೂಸ್ಡ್‌ರೇಂಜ್ ನಂಬಬೇಡಿ, ಯಾರೋ ಕೆಳಗೆಲ್ಲೋ ಬಣ್ಣ ಬಳಿದಿದ್ರೆ ಅದನ್ನೂ ಸೇರಿಸ್ಕೊಳ್ಳತ್ತೆ. ಎ ಕಾಲಂನ ತೀರಾ ಕೆಳಗಿನ ಸೆಲ್‌ಗೆ, ಅಂದ್ರೆ 1048576ನೇ ಸಾಲಿಗೆ ಹೋಗಿ ಅಲ್ಲಿಂದ ಎಂಡ್‌ಗೆ ಮೈನಸ್ 4162 ಕೊಟ್ಟು ಮೇಲಕ್ಕೆ ಹತ್ತಿಸಿ.

ಈಗ ಬರೋ ವ್ಯಾಲ್ಯೂಗಳ ಗುಣ ಸ್ವಲ್ಪ ತಿಳ್ಕೊಳ್ಳಿ, ಅರ್ಧ ಬಗ್ ಇಲ್ಲೇ ಹುಟ್ಟೋದು.

ಮಾಮೂಲಿ ನಂಬರ್ ಎಲ್ಲ ಫ್ಲೋಟ್ ಆಗಿ ಬರತ್ತೆ. ಫ್ಲ್ಯಾಟ್ ನಂಬರ್ 304 ಅನ್ನೋದು 304.0 ಆಗಿ ಬಂದು, ಪಿಡಿಎಫ್ ಫೈಲ್ ಹೆಸರಲ್ಲೂ ಹಂಗೇ ಕೂರತ್ತೆ. ಇಂಟ್ ಮಾಡ್ಕೊಳ್ಳಿ. ಖಾಲಿ ಸೆಲ್ ಅಂದ್ರೆ ನನ್ (None, ಪೈಥಾನ್‌ನಲ್ಲಿ "ಏನೂ ಇಲ್ಲ" ಅಂತ), ಸೊನ್ನೆ ಅಲ್ಲ. ಒಂದೇ ಸೆಲ್ ಓದಿದ್ರೆ ಟಪಲ್ ಬರಲ್ಲ, ಬರೀ ವ್ಯಾಲ್ಯೂ ಬರತ್ತೆ, ಹಾಗಾಗಿ ಒಂದೇ ಕಾಲಂ ಓದೋ ಕೋಡು ಒಂದೇ ಸಾಲು ಡೇಟಾ ಇರೋ ತಿಂಗಳು ಮಾತ್ರ ಬೀಳತ್ತೆ.

ತಾರೀಖು ವ್ಯಾಲ್ಯೂನಲ್ಲಿ ಡೇಟ್‌ಟೈಮ್ ಆಗಿ ಬರತ್ತೆ, ವ್ಯಾಲ್ಯೂ2 ಅಂದ್ರೆ ಬರೀ ಸೀರಿಯಲ್ ನಂಬರು, 2025ರ ಏಪ್ರಿಲ್ 1 ಅಂದ್ರೆ 45748. ಬರೆಯುವಾಗ ತಾರೀಖನ್ನ ಸ್ಟ್ರಿಂಗ್ ಆಗಿ ಕೊಡಲೇಬೇಡಿ. 03/04/2025 ಅಂತ ಬರೆದ್ರೆ ನೀವಂದ್ಕೊಂಡಿದ್ದು ಏಪ್ರಿಲ್ 3, ಎಕ್ಸೆಲ್ ಅಮೆರಿಕದ ಲೆಕ್ಕದಲ್ಲಿ ಮಾರ್ಚ್ 4 ಮಾಡ್ಬಿಡತ್ತೆ. 13ನೇ ತಾರೀಖಿನಿಂದ ಆಚೆಗೆ ಸರಿಯಾಗೇ ಕಾಣೋದ್ರಿಂದ ಈ ತಪ್ಪು ಎಷ್ಟೋ ದಿನ ಸಿಕ್ಕಿಬೀಳಲ್ಲ. ಡೇಟ್‌ಟೈಮ್ ಆಬ್ಜೆಕ್ಟೇ ಕೊಡಿ.

ಎರರ್ ಇರೋ ಸೆಲ್ ಇದೆಲ್ಲಕ್ಕಿಂತ ಮಜಾ. ವಿಲುಕ್‌ಅಪ್ ಫಾರ್ಮುಲಾಗೆ ಹುಡುಕಿದ್ದು ಸಿಗದೆ ಎನ್‌ಎ ಬಂದಿರೋ ಸೆಲ್‌ನ ಓದಿದ್ರೆ ಪೈಥಾನ್‌ಗೆ ಎರರ್ ಏನೂ ಬರಲ್ಲ, ಮೈನಸ್ 2146826246 ಅನ್ನೋ ಒಂದು ಇಂಟಿಜರ್ ಬರತ್ತೆ. ನಾನು ಅದನ್ನ ಹಂಗೇ ಟೋಟಲ್‌ಗೆ ಸೇರಿಸಿ, ಮೂರನೇ ಮಹಡಿಯ ಒಬ್ರಿಗೆ ಅಸೋಸಿಯೇಷನ್ ಕಡೆಯಿಂದ 214 ಕೋಟಿ ವಾಪಸ್ ಬರಬೇಕು ಅಂತ ಬಿಲ್ ತಯಾರು ಮಾಡಿದ್ದೆ. ಟ್ರೆಜರರ್ ಅಂಕಲ್ ಅದನ್ನ ಪ್ರಿಂಟ್ ತೆಗೆದು ಲಿಫ್ಟ್ ಪಕ್ಕ ಅಂಟಿಸಿದ್ರು. ಸೊನ್ನೆಯಿಂದ ಭಾಗಿಸಿದ ಎರರ್ ಆದ್ರೆ ಮೈನಸ್ 2146826281. ಓದಿದ ತಕ್ಷಣ ಇಂಥ ನಂಬರ್ ಇದ್ಯಾ ಅಂತ ಚೆಕ್ ಹಾಕಿ, ಸಿಕ್ಕಿದ್ರೆ ಅಲ್ಲೇ ನಿಲ್ಲಿಸಿ. ಒಂದು ಅನುಕೂಲ ಇದೆ, ಮಾಮೂಲಿ ನಂಬರ್ ಫ್ಲೋಟ್ ಆಗಿರತ್ತೆ, ಇದು ಇಂಟ್ ಆಗಿರತ್ತೆ.

ಕನ್ನಡ ಹೆಸರುಗಳ ವಿಷ್ಯ. ಯೂನಿಕೋಡ್‌ನಲ್ಲಿ ಟೈಪ್ ಮಾಡಿದ್ರೆ ಹಂಗೇ ಬರತ್ತೆ, ಕರಿ ವಿಂಡೋದಲ್ಲಿ ಪ್ರಿಂಟ್ ಮಾಡಿದಾಗ ಡಬ್ಬಿ ಡಬ್ಬಿ ಕಂಡ್ರೂ ಗಾಬರಿ ಬೇಡ, ಅದು ವಿಂಡೋದ ಫಾಂಟ್ ಸಮಸ್ಯೆ, ಡೇಟಾ ಸರಿಯಾಗೇ ಇರತ್ತೆ. ಆದ್ರೆ ಹಳೇ ನುಡಿ ಫಾಂಟ್‌ನಲ್ಲಿ, ಯೂನಿಕೋಡ್ ಅಲ್ಲದ ಮೋಡ್‌ನಲ್ಲಿ ಟೈಪ್ ಮಾಡಿದ ಶೀಟ್ ಸಿಕ್ರೆ ಸ್ಕ್ರೀನ್ ಮೇಲೆ ಚಂದದ ಕನ್ನಡ, ಪೈಥಾನ್‌ನಲ್ಲಿ ಮಾತ್ರ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಚಿತ್ರಾನ್ನ. ಎಕ್ಸೆಲ್ ತಪ್ಪಲ್ಲ, ಸೆಲ್ ಒಳಗೆ ಇರೋದೇ ಅದು. ಮೊದ್ಲು ಯೂನಿಕೋಡ್‌ಗೆ ಕನ್ವರ್ಟ್ ಮಾಡ್ಕೊಳ್ಳಿ. ಸಿಎಸ್‌ವಿ ಮಾಡೋದಾದ್ರೆ ಸೇವ್‌ಆ್ಯಸ್‌ಗೆ 6 ಕೊಟ್ರೆ ಕನ್ನಡ ಎಲ್ಲ ಪ್ರಶ್ನಾರ್ಥಕ ಚಿಹ್ನೆ ಆಗತ್ತೆ, 62 ಕೊಡಿ.

## 7. ಕಾನ್‌ಸ್ಟೆಂಟ್ ಹೆಸರು, ಬ್ರಾಕೆಟ್ಟು

ವಿಬಿಎ (ಎಕ್ಸೆಲ್ ಮ್ಯಾಕ್ರೋ ಬರೆಯೋ ಭಾಷೆ) ಕೋಡ್‌ನಲ್ಲಿ ನಂಬರ್‌ಗಳಿಗೆ ಎಕ್ಸ್‌ಎಲ್‌ಅಪ್ ಅಂತೆಲ್ಲ ಹೆಸರಿರತ್ತೆ, ಪೈಥಾನ್‌ಗೆ ಹಂಗೆ ಗೊತ್ತಾಗಲ್ಲ. ವಿನ್32ಕಾಮ್ ಡಾಟ್ ಕ್ಲೈಂಟ್ ಒಳಗಿನ ಜೆನ್‌ಕ್ಯಾಶ್ ಡಾಟ್ ಎನ್ಶೂರ್‌ಡಿಸ್ಪ್ಯಾಚ್ ಓಡಿಸಿದ್ರೆ ಎಲ್ಲ ಹೆಸರೂ ಕಾನ್‌ಸ್ಟೆಂಟ್ಸ್ ಒಳಗೆ ಸಿಗತ್ತೆ. ಅದಕ್ಕೆ ಹೆಸರಿನ ಸ್ಟ್ರಿಂಗ್ ಕೊಟ್ರೆ ಒಳಗೆ ಅದೂ ಡಿಸ್ಪ್ಯಾಚನ್ನೇ ಕರಿಯೋದು, 3ನೇ ಸ್ಟೆಪ್‌ನ ಅಪಾಯ ವಾಪಸ್ ಬರತ್ತೆ, ಆದ್ರಿಂದ ಡಿಸ್ಪ್ಯಾಚ್‌ಎಕ್ಸ್‌ನಿಂದ ಬಂದ ಆಬ್ಜೆಕ್ಟನ್ನೇ ಅದರ ಕೈಗೆ ಕೊಡಿ. ಇಲ್ಲಾ ಬೇಕಾದ ನಾಕು ನಂಬರ್‌ನ ಸ್ಕ್ರಿಪ್ಟ್ ಮೇಲ್ಗಡೆ ಬರ್ಕೊಳ್ಳಿ, ನಾನು ಮಾಡೋದು ಹಿಂಗೇ.

ಎನ್ಶೂರ್‌ಡಿಸ್ಪ್ಯಾಚ್ ಬಳಸಿದ್ರೆ ಒಂದು ಗುಂಡಿ ಇದೆ. ರೀಸೈಜ್‌ಗೆ 3, 2 ಅಂತ ಕೊಟ್ರೆ ಆರು ಸೆಲ್ ಬರ್ಬೇಕಲ್ವಾ, ಒಂದೇ ಸೆಲ್ ಬರತ್ತೆ, ಎರರ್ ಇಲ್ದೆ. ಅಲ್ಲಿ ಗೆಟ್‌ರೀಸೈಜ್, ಗೆಟ್‌ಆಫ್‌ಸೆಟ್ ಅಂತ ಬರೀಬೇಕು. ಇನ್ನು ಒಂದಿನ ಇದ್ದಕ್ಕಿದ್ದಂಗೆ ಸಿಎಲ್‌ಎಸ್‌ಐಡಿ ಟು ಕ್ಲಾಸ್ ಮ್ಯಾಪ್ ಇಲ್ಲ ಅಂತ ಎರರ್ ಬಂದ್ರೆ, ಟೆಂಪ್ ಫೋಲ್ಡರ್ ಒಳಗೆ ಜೆನ್ ಅಂಡರ್‌ಸ್ಕೋರ್ ಪೈ ಅನ್ನೋ ಫೋಲ್ಡರ್ ಇರತ್ತೆ, ಪೂರ್ತಿ ಡಿಲೀಟ್ ಮಾಡಿ ಮತ್ತೆ ಓಡಿಸಿ. ಅಷ್ಟೇ.

ವಿಬಿಎಯಿಂದ ಬಂದವರು ಕ್ಲೋಸ್, ಕ್ವಿಟ್ ಅಂತ ಬ್ರಾಕೆಟ್ ಇಲ್ದೆ ಬರೀತಾರೆ. ಪೈಥಾನ್‌ನಲ್ಲಿ ಬ್ರಾಕೆಟ್ ಬೇಕು, ಬಿಟ್ರೆ ಸದ್ದಿಲ್ದೆ ಏನೂ ಆಗಲ್ಲ.

## 8. ಪಿಡಿಎಫ್, ಮೇಲ್

ಎಕ್ಸ್‌ಪೋರ್ಟ್‌ಆ್ಯಸ್‌ಫಿಕ್ಸ್ಡ್‌ಫಾರ್ಮ್ಯಾಟ್, ಮೊದಲನೇದು 0 (ಪಿಡಿಎಫ್ ಅಂತ), ಎರಡನೇದು ಪೂರ್ತಿ ಪಾತ್. ಅದೇ ಹೆಸರಿನ ಪಿಡಿಎಫ್ ನೀವೇ ರೀಡರ್‌ನಲ್ಲಿ ತೆಗೆದಿಟ್ಕೊಂಡಿದ್ರೆ ಲಾಕ್ ಆಗಿ ಬೀಳತ್ತೆ. ಪೇಜ್‌ಸೆಟಪ್ ಮುಟ್ಟೋದಾದ್ರೆ ಮಷಿನ್‌ನಲ್ಲಿ ಒಂದಾದ್ರೂ ಪ್ರಿಂಟರ್ ಇನ್‌ಸ್ಟಾಲ್ ಆಗಿರಬೇಕು, ವಿಂಡೋಸ್ ಜೊತೆ ಬರೋ ಪ್ರಿಂಟ್ ಟು ಪಿಡಿಎಫ್ ಆದ್ರೂ ಸಾಕು. ಅದನ್ನ 64 ಸಲ ಲೂಪ್ ಒಳಗೆ ಮಾಡ್ಬೇಡಿ, ತುಂಬಾ ನಿಧಾನ, ಟೆಂಪ್ಲೇಟ್‌ನಲ್ಲೇ ಒಂದ್ಸಲ ಸೆಟ್ ಮಾಡಿಟ್ಬಿಡಿ.

ಔಟ್‌ಲುಕ್‌ಗೆ ಕ್ರಿಯೇಟ್‌ಐಟಮ್ 0, ಟು, ಸಬ್ಜೆಕ್ಟ್, ಬಾಡಿ, ಅಟ್ಯಾಚ್‌ಮೆಂಟ್ಸ್ ಡಾಟ್ ಆ್ಯಡ್. ಕೊನೇಲಿ ಸೆಂಡ್ ಬರೀಬೇಡಿ, ಸೇವ್ ಬರೀರಿ. 64 ಮೇಲೂ ಡ್ರಾಫ್ಟ್ಸ್‌ನಲ್ಲಿ ಕೂರತ್ತೆ, ನಾಲ್ಕೈದು ತೆಗೆದು ಯಾರ ಬಿಲ್ ಯಾರಿಗೆ ಹೋಗ್ತಿದೆ ನೋಡಿ. ಎರಡು ಮೂರು ತಿಂಗಳು ಸರಿಯಾಗಿ ಬಂದ್ಮೇಲೆ ಸೆಂಡ್ ಬಗ್ಗೆ ಯೋಚಿಸಿ.

## 9. ಮುಚ್ಚೋದು

ಈಗ ಆ ಟಾಸ್ಕ್ ಮ್ಯಾನೇಜರ್ ಭೂತಗಳ ವಿಷ್ಯ. ಸ್ಕ್ರಿಪ್ಟ್ ನಡುವೆ ಎರರ್ ಬಂದು ಬಿದ್ರೆ ಕೆಳಗೆ ಬರೆದಿದ್ದ ಕ್ವಿಟ್ ಓಡೋದೇ ಇಲ್ಲ. ಎಕ್ಸೆಲ್ ಹಿಡಿದ ಮರುಸಾಲಲ್ಲೇ ಟ್ರೈ ಶುರುವಾಗ್ಬೇಕು, ಮುಚ್ಚೋ ಕೆಲಸ ಎಲ್ಲ ಫೈನಲಿ ಒಳಗೆ. ಅಲ್ಲಿ ಆರ್ಡರ್ ಹಿಂಗೆ: ವರ್ಕ್‌ಬುಕ್ ತೆಗೆದಿದ್ರೆ ಕ್ಲೋಸ್ ಫಾಲ್ಸ್ (ಸೇವ್ ಮಾಡದೆ ಮುಚ್ಚು ಅಂತ), ಆಮೇಲೆ ಕ್ವಿಟ್, ಆಮೇಲೆ ರೇಂಜ್, ಶೀಟ್, ವರ್ಕ್‌ಬುಕ್, ಅಪ್ಲಿಕೇಷನ್ ಹಿಡಿದಿರೋ ವೇರಿಯಬಲ್ ಎಲ್ಲ ನನ್ ಮಾಡಿ. ಸೇವ್ ಮಾಡೋದಿದ್ರೆ ಅದು ಟ್ರೈ ಒಳಗೇ ಮುಗಿದಿರಲಿ. ಅರ್ಧಂಬರ್ಧ ಆಗಿರೋ ಫೈಲ್‌ನ ಫೈನಲಿಯಲ್ಲಿ ಸೇವ್ ಮಾಡೋದು ದೊಡ್ಡ ತಪ್ಪು.

ಕ್ವಿಟ್ ಹೇಳಿದ್ರೂ ಎಕ್ಸೆಲ್ ಹೋಗ್ತಿಲ್ಲ ಅಂದ್ರೆ ಎಲ್ಲೋ ಒಂದು ವೇರಿಯಬಲ್ ಇನ್ನೂ ಅದನ್ನ ಹಿಡ್ಕೊಂಡಿದೆ. ಜೂಪಿಟರ್ ನೋಟ್‌ಬುಕ್‌ನಲ್ಲಿ ಇದು ಜಾಸ್ತಿ, ಯಾಕಂದ್ರೆ ನೋಟ್‌ಬುಕ್‌ನ ಸೆಲ್‌ಗಳ ಹಳೇ ಔಟ್‌ಪುಟ್ಟು, ಕೊನೇ ಎರರ್‌ನ ಟ್ರೇಸ್‌ಬ್ಯಾಕ್ಕು ಎಲ್ಲ ರೆಫರೆನ್ಸ್ ಹಿಡಿದಿಟ್ಕೊಳ್ಳತ್ತೆ. ಕರ್ನಲ್ ರೀಸ್ಟಾರ್ಟ್ ಮಾಡಿ ನೋಡಿ. ಎಕ್ಸೆಲ್ ಹೆಸರಿನ ಪ್ರೋಸೆಸ್ ಎಲ್ಲಾನೂ ಟಾಸ್ಕ್‌ಕಿಲ್ ಮಾಡೋ ಸಾಲನ್ನ ಸ್ಕ್ರಿಪ್ಟ್‌ಗೆ ಹಾಕೋ ಮುಂಚೆ ಆ ಜಯನಗರದ ಮೇಡಮ್ಮನ್ನ ನೆನಪಿಸ್ಕೊಳ್ಳಿ.

## 10. ಎರರ್ ನಂಬರ್ ಓದೋಕೆ ಕಲೀರಿ

ಮೈನಸ್ 2147221005: ಕೊಟ್ಟ ಹೆಸರು ರಿಜಿಸ್ಟ್ರಿಯಲ್ಲಿಲ್ಲ. ಸ್ಪೆಲ್ಲಿಂಗ್ ತಪ್ಪು, ಇಲ್ಲಾ ಎಕ್ಸೆಲ್ಲೇ ಇಲ್ಲ.

ಮೈನಸ್ 2147221021: ಗೆಟ್‌ಆಕ್ಟಿವ್‌ಆಬ್ಜೆಕ್ಟ್‌ಗೆ ಓಡ್ತಿರೋ ಎಕ್ಸೆಲ್ ಸಿಗಲಿಲ್ಲ.

ಮೈನಸ್ 2147418111: ಎಕ್ಸೆಲ್ ಬ್ಯುಸಿ, ನಿಮ್ಮ ಕರೆ ತಿರಸ್ಕಾರ ಆಯ್ತು. ಯಾರೋ ಸೆಲ್ ಎಡಿಟ್ ಮಾಡ್ತಾ ಅರ್ಧಕ್ಕೆ ಬಿಟ್ಟಿದಾರೆ, ಇಲ್ಲಾ ಡೈಲಾಗ್ ಓಪನ್ ಇದೆ. ಅರ್ಧ ಸೆಕೆಂಡ್ ಬಿಟ್ಟು ಮತ್ತೆ ಟ್ರೈ ಮಾಡೋ ಹಂಗೆ ಬರೀರಿ, ಹತ್ತು ಸಲಕ್ಕಿಂತ ಜಾಸ್ತಿ ಬೇಡ.

ಮೈನಸ್ 2147023174: ಎಕ್ಸೆಲ್ ಸತ್ತೋಗಿದೆ, ನಿಮ್ಮ ಕೈಯಲ್ಲಿರೋದು ಕಟ್ ಆದ ಲೈನು. ಹೊಸದಾಗಿ ಶುರು ಮಾಡಿ.

ಮೈನಸ್ 2147221008: ಥ್ರೆಡ್ ಒಳಗಿಂದ ಕರೆದಿದೀರ, ಆ ಥ್ರೆಡ್‌ನಲ್ಲಿ ಮೊದ್ಲು ಪೈಥಾನ್‌ಕಾಮ್‌ನ ಕೋಇನಿಷಿಯಲೈಸ್ ಕರೀಬೇಕು.

ಮೈನಸ್ 2147352567: ಇದು ಬರೀ ಲಕೋಟೆ. ಒಳಗಿನ ಕಾಗದ ಓದಿ, ಅಂದ್ರೆ ಎಕ್ಸೆಪ್ಷನ್‌ನ ಎಕ್ಸೆಪ್‌ಇನ್ಫೋ ಅನ್ನೋ ಟಪಲ್, ಅದ್ರಲ್ಲಿ ಮೂರನೇದು ಎಕ್ಸೆಲ್ ಹೇಳ್ತಿರೋ ನಿಜವಾದ ಕಾರಣ. ಜನ ಈ ಲಕೋಟೆ ನಂಬರ್‌ನ ಗೂಗಲ್ ಮಾಡಿ ಸಾವಿರ ಬೇರೆ ಬೇರೆ ಉತ್ತರ ಓದಿ ಸುಸ್ತಾಗ್ತಾರೆ.

## 11. ಟಾಸ್ಕ್ ಶೆಡ್ಯೂಲರ್‌ಗೆ ಹಾಕೋದಾದ್ರೆ

ಕೈಯಲ್ಲಿ ಓಡಿಸಿದಾಗ ಸರಿ, ಶೆಡ್ಯೂಲರ್‌ನಲ್ಲಿ ಬೀಳತ್ತೆ ಅನ್ನೋರು "ಯೂಸರ್ ಲಾಗಿನ್ ಆಗಿದ್ದಾಗ ಮಾತ್ರ" ಅನ್ನೋ ಆಪ್ಷನ್ ಹಾಕಿದಾರಾ ನೋಡ್ಕೊಳ್ಳಿ. ಯಾರೂ ಲಾಗಿನ್ ಇಲ್ಲದ ಸರ್ವರ್‌ನಲ್ಲಿ, ಸರ್ವಿಸ್ ಒಳಗೆ ಆಫೀಸ್ ಆಟೊಮೇಷನ್ ಓಡಿಸೋದನ್ನ ಮೈಕ್ರೋಸಾಫ್ಟೇ ಬೇಡ ಅನ್ನತ್ತೆ, ಸಪೋರ್ಟ್ ಕೂಡ ಕೊಡಲ್ಲ. ಅಲ್ಲಿ ಡೈಲಾಗ್ ಬಂದ್ರೆ ಓಕೆ ಒತ್ತೋಕೆ ಮನುಷ್ಯರೇ ಇರಲ್ಲ. ಸರ್ವರ್‌ನಲ್ಲೇ ಆಗ್ಬೇಕು, ಬರೀ ಪಿಡಿಎಫ್ ಬೇಕು ಅಂದ್ರೆ ಲಿಬ್ರೆಆಫೀಸ್‌ನ ಹೆಡ್‌ಲೆಸ್ ಮೋಡ್‌ನಲ್ಲಿ (ವಿಂಡೋ ತೆಗೆಯದೆ) ಕನ್ವರ್ಟ್ ಮಾಡಿ.

ನಮ್ಮ ಅಪಾರ್ಟ್‌ಮೆಂಟ್‌ನಲ್ಲಿ ನಾನು ಶೆಡ್ಯೂಲರ್ ಹಾಕಿಲ್ಲ. 1ನೇ ತಾರೀಖು ಬೆಳಗ್ಗೆ ತಿಂಡಿ ಆದ್ಮೇಲೆ ನಾನೇ ಲ್ಯಾಪ್‌ಟಾಪ್ ತೆಗೆದು ಓಡಿಸ್ತೀನಿ, ವಿಸಿಬಲ್ ಇವತ್ತಿಗೂ ಟ್ರೂನೇ ಇದೆ, ಬಿಲ್ ಒಂದೊಂದಾಗಿ ತುಂಬೋದನ್ನ ನೋಡ್ತಾ ಕೂತ್ಕೊಂಡು, ಕೊನೇಲಿ ಟಾಸ್ಕ್ ಮ್ಯಾನೇಜರ್ ತೆಗೆದು ಎಕ್ಸೆಲ್ ಸಾಲು ಒಂದೂ ಉಳಿದಿಲ್ಲ ಅಂತ ನೋಡ್ಕೊಂಡು ಮುಚ್ತೀನಿ.